ಮೂರನೆಯ ಸೋಮೇಶ್ವರ

ಮೂರನೆಯ ಸೋಮೇಶ್ವರ (ಆಳ್ವಿಕೆ: ಕ್ರಿ.ಶ. 1126–1138) ಕಲ್ಯಾಣದ ಚಾಲುಕ್ಯ ವಂಶದ ಅರಸ, ಆರನೆಯ ವಿಕ್ರಮಾದಿತ್ಯನ ಮಗ ಮತ್ತು ಉತ್ತರಾಧಿಕಾರಿ. ಭೂಲೋಕಮಲ್ಲ, ಸರ್ವಜ್ಞ ಚಕ್ರವರ್ತಿ ಎಂಬ ಬಿರುದುಗಳಿಂದ ಪ್ರಸಿದ್ಧನಾದ ಈತನು ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸ ಅಥವಾ ಅಭಿಲಷಿತಾರ್ಥ ಚಿಂತಾಮಣಿ ಎಂಬ ಗ್ರಂಥವು ಭಾರತದ ಮಧ್ಯಕಾಲದ ಮಹತ್ತ್ವದ ವಿಶ್ವಕೋಶಗಳಲ್ಲಿ ಒಂದಾಗಿದೆ. ರಾಜನೀತಿ, ಚಿತ್ರಕಲೆ, ಸಂಗೀತ, ವೈದ್ಯ, ಬೇಟೆ, ಆಟಪಾಟಗಳ ಜೊತೆಗೆ ಅಡುಗೆಯ ವಿಷಯವೂ ಈ ಗ್ರಂಥದಲ್ಲಿ ವಿಸ್ತಾರವಾಗಿ ಬಂದಿದೆ. ಹೋಳಿಗೆ, ಮಂಡಿಗೆ, ಗಾರಿಗೆ, ಶ್ರೀಖಂಡ, ಪಾಯಸ ಮುಂತಾಗಿ ಇಂದಿಗೂ ಕನ್ನಡಿಗರ ಹಬ್ಬದ ಎಲೆಯ ಮೇಲೆ ಕಾಣುವ ಹಲವು ಸಿಹಿಗಳ ಇತಿಹಾಸವನ್ನು ಅರಿಯಲು ಇದು ಮುಖ್ಯ ಆಕರವಾಗಿದೆ.

ಇಂದಿನ ಶಿವಮೊಗ್ಗ ಜಿಲ್ಲೆಯ ಸೊರಬ ಮತ್ತು ಶಿಕಾರಿಪುರ ತಾಲ್ಲೂಕುಗಳು ಸೋಮೇಶ್ವರನ ಕಾಲದಲ್ಲಿ ಬನವಾಸಿ ಹನ್ನೆರಡು ಸಾವಿರ ಎಂಬ ಪ್ರಾಂತಕ್ಕೆ ಸೇರಿದ್ದವು. ಆನವಟ್ಟಿ, ಕುಬಟೂರು, ಬಂದಳಿಕೆ, ಬಳ್ಳಿಗಾವೆ ಮೊದಲಾದ ಊರುಗಳು ಚಾಲುಕ್ಯ ಸಾಮ್ರಾಜ್ಯದ ತೆಂಕಣ ಭಾಗದ ನೆಲೆಗಳಾಗಿದ್ದವು.

ಹಿನ್ನೆಲೆ

ಕಲ್ಯಾಣದ ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣವು ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಮಾನ್ಯಖೇಟದಿಂದ ರಾಜಧಾನಿಯನ್ನು ಇಲ್ಲಿಗೆ ಬದಲಾಯಿಸಿದವನು ಸೋಮೇಶ್ವರನ ಅಜ್ಜನಾದ ಆಹವಮಲ್ಲ ಒಂದನೆಯ ಸೋಮೇಶ್ವರ. ತಂದೆ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಐವತ್ತು ವರ್ಷ ಆಳಿದನು. ಪಟ್ಟಕ್ಕೆ ಬಂದ ವರ್ಷದಿಂದ ಚಾಲುಕ್ಯ ವಿಕ್ರಮ ಶಕೆ ಎಂಬ ಹೊಸ ಕಾಲಗಣನೆಯನ್ನು ಆರಂಭಿಸಿದನು. ರಾಜಕುಮಾರನಾಗಿದ್ದಾಗ ಈತನು ಬನವಾಸಿ ನಾಡಿನ ಆಡಳಿತವನ್ನೂ ನಿರ್ವಹಿಸಿದ್ದನು.

ಸೋಮೇಶ್ವರನು ಬೆಳೆದದ್ದು ವಿದ್ವಾಂಸರಿಂದ ತುಂಬಿದ ಆಸ್ಥಾನದಲ್ಲಿ. ಕಾಶ್ಮೀರದಿಂದ ಬಂದ ಬಿಲ್ಹಣ ಕವಿಯು ವಿಕ್ರಮಾದಿತ್ಯನನ್ನು ಕುರಿತು ವಿಕ್ರಮಾಂಕದೇವಚರಿತ ಎಂಬ ಮಹಾಕಾವ್ಯವನ್ನು ಬರೆದನು. ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನೂ ಇದೇ ಆಸ್ಥಾನದವನು. ಹಿಂದೂ ಉತ್ತರಾಧಿಕಾರ ಕಾನೂನಿನ ವಿಷಯದಲ್ಲಿ ಮಿತಾಕ್ಷರಾ ಇಪ್ಪತ್ತನೆಯ ಶತಮಾನದವರೆಗೂ ಭಾರತದ ಬಹುಭಾಗದಲ್ಲಿ ಪ್ರಮಾಣಗ್ರಂಥವಾಗಿತ್ತು. ಇಂತಹ ವಾತಾವರಣವೇ ಸೋಮೇಶ್ವರನ ವಿದ್ಯಾಭಿರುಚಿಗೆ ಕಾರಣವಾಯಿತೆಂದು ಭಾವಿಸಲಾಗಿದೆ.

ಆಳ್ವಿಕೆ

ತಂದೆಯ ಮರಣಾನಂತರ 1126ರಲ್ಲಿ ಸೋಮೇಶ್ವರನು ಸಿಂಹಾಸನವನ್ನೇರಿದನು. ತಂದೆಯಂತೆಯೇ ತನ್ನ ಹೆಸರಿನ ಕಾಲಗಣನೆಯನ್ನು ಬಳಕೆಗೆ ತಂದನು. ಅನೇಕ ಶಾಸನಗಳಲ್ಲಿ ಭೂಲೋಕಮಲ್ಲ ವರ್ಷ ಎಂಬ ಉಲ್ಲೇಖವಿದೆ. ಆದರೆ ಅವನಿಗೆ ದೊರೆತ ಸಾಮ್ರಾಜ್ಯವು ವಿಸ್ತಾರವಾಗಿದ್ದಷ್ಟೇ ಸಡಿಲವೂ ಆಗತೊಡಗಿತ್ತು. ಪೂರ್ವದಲ್ಲಿ ವೆಂಗಿ ನಾಡು ವಿಕ್ರಮಚೋಳನ ಕಾಲದಲ್ಲಿ ಮತ್ತೆ ಚೋಳರ ವಶವಾಯಿತು. ದಕ್ಷಿಣದಲ್ಲಿ ಚಾಲುಕ್ಯರ ಸಾಮಂತನಾಗಿದ್ದ ಹೊಯ್ಸಳ ವಿಷ್ಣುವರ್ಧನನು ಸ್ವತಂತ್ರನಾಗಲು ಹವಣಿಸುತ್ತಿದ್ದನು. 1116ರ ಸುಮಾರಿಗೆ ಚೋಳರಿಂದ ತಲಕಾಡನ್ನು ಗೆದ್ದಿದ್ದ ವಿಷ್ಣುವರ್ಧನನ ದೃಷ್ಟಿ ಆಮೇಲೆ ಉತ್ತರದತ್ತ ತಿರುಗಿತು. 1130ರ ದಶಕದಲ್ಲಿ ಹಾನಗಲ್ಲು, ಬಂಕಾಪುರ, ಬನವಾಸಿಗಳು ಈ ಪೈಪೋಟಿಯ ರಂಗಗಳಾದವು.

ಸೋಮೇಶ್ವರನು ಹೊಯ್ಸಳರ ಒತ್ತಡವನ್ನು ಸ್ವಲ್ಪಮಟ್ಟಿಗೆ ತಡೆಹಿಡಿದನಾದರೂ ತಂದೆಯಂತೆ ದಂಡಯಾತ್ರೆಗಳಿಂದ ಹೆಸರಾದವನಲ್ಲ. ಆದುದರಿಂದ ರಾಜಕೀಯ ಇತಿಹಾಸದ ಪುಸ್ತಕಗಳಲ್ಲಿ ಇವನಿಗೆ ಮೀಸಲಾದ ಪುಟಗಳು ಕಡಿಮೆ. ಸಾಂಸ್ಕೃತಿಕ ಇತಿಹಾಸದಲ್ಲಿ ಸ್ಥಿತಿ ಇದಕ್ಕೆ ತೀರ ವಿರುದ್ಧವಾಗಿದೆ. ಹನ್ನೆರಡನೆಯ ಶತಮಾನದ ಕರ್ನಾಟಕದಲ್ಲಿ ಅರಮನೆಯವರು ಏನು ಉಡುತ್ತಿದ್ದರು, ಏನು ಹಾಡುತ್ತಿದ್ದರು, ಏನು ಉಣ್ಣುತ್ತಿದ್ದರು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವವರು ಮೊದಲು ನೋಡುವುದು ಇವನ ಗ್ರಂಥವನ್ನೇ.

ಕೃತಿಗಳು

ಸೋಮೇಶ್ವರನ ಹೆಸರಿನಲ್ಲಿ ಎರಡು ಸಂಸ್ಕೃತ ಕೃತಿಗಳಿವೆ. ಮೊದಲನೆಯದು ವಿಕ್ರಮಾಂಕಾಭ್ಯುದಯ, ತಂದೆಯ ಚರಿತ್ರೆಯನ್ನು ಹೇಳುವ ಈ ಕೃತಿ ಅಪೂರ್ಣವಾಗಿ ದೊರೆತಿದೆ. ಎರಡನೆಯದು ಮಾನಸೋಲ್ಲಾಸ.

ಮಾನಸೋಲ್ಲಾಸದ ಕಾಲವನ್ನು ಗ್ರಂಥದೊಳಗಿನ ಆಧಾರದಿಂದಲೇ ನಿರ್ಣಯಿಸಲಾಗಿದೆ. ಗ್ರಹಗತಿಯ ಲೆಕ್ಕಗಳಿಗೆ ಅದರಲ್ಲಿ ಆರಂಭಬಿಂದುವಾಗಿ ಶಕ ವರ್ಷ 1051ರ ಚೈತ್ರ ಶುದ್ಧ ಪಾಡ್ಯ, ಶುಕ್ರವಾರವನ್ನು ತೆಗೆದುಕೊಳ್ಳಲಾಗಿದೆ. ಇದು ಕ್ರಿ.ಶ. 1129ರ ಯುಗಾದಿಯ ದಿನ. ಹೀಗಾಗಿ ಗ್ರಂಥವು ಸುಮಾರು 1129ರಲ್ಲಿ ರಚಿತವಾಯಿತೆಂದು ವಿದ್ವಾಂಸರು ಒಪ್ಪಿದ್ದಾರೆ.

ಗ್ರಂಥದಲ್ಲಿ ಐದು ಭಾಗಗಳಿವೆ. ಒಂದೊಂದು ಭಾಗದಲ್ಲಿಯೂ ಇಪ್ಪತ್ತು ಅಧ್ಯಾಯಗಳಿರುವುದರಿಂದ ಅವನ್ನು ವಿಂಶತಿಗಳೆಂದು ಕರೆಯಲಾಗಿದೆ. ಒಟ್ಟು ಅಧ್ಯಾಯಗಳು 100.

* ಮೊದಲನೆಯ ವಿಂಶತಿ: ರಾಜ್ಯವನ್ನು ಪಡೆಯುವ ಬಗೆ, ಅರಸನು ಪಾಲಿಸಬೇಕಾದ ಧರ್ಮ.
* ಎರಡನೆಯ ವಿಂಶತಿ: ಪಡೆದ ರಾಜ್ಯವನ್ನು ಸ್ಥಿರಗೊಳಿಸುವ ಬಗೆ, ಮಂತ್ರಿಗಳು, ಕೋಶ, ಕೋಟೆ, ಸೈನ್ಯ.
* ಮೂರನೆಯ ವಿಂಶತಿ: ಅರಸನ ಉಪಭೋಗಗಳು, ಮನೆ, ಸ್ನಾನ, ತಾಂಬೂಲ, ವಸ್ತ್ರ, ಅನ್ನ, ಪಾನೀಯ ಇತ್ಯಾದಿ.
* ನಾಲ್ಕನೆಯ ವಿಂಶತಿ: ವಿನೋದಗಳು, ಶಾಸ್ತ್ರಚರ್ಚೆ, ಗೀತ, ವಾದ್ಯ, ನೃತ್ಯ, ಬೇಟೆ, ಕಾಳಗಗಳು.
* ಐದನೆಯ ವಿಂಶತಿ: ಕ್ರೀಡೆಗಳು.

ಗ್ರಂಥದ ಭಾಷೆ ಸಂಸ್ಕೃತವಾದರೂ ಅದರ ಬದುಕು ದೇಸಿಯದು. ಗೀತವಿನೋದದ ಭಾಗದಲ್ಲಿ ತ್ರಿಪದಿ, ಷಟ್ಪದಿ ಮೊದಲಾದ ದೇಸಿ ಪದಬಂಧಗಳ ಪ್ರಸ್ತಾಪವಿದೆ. ಅಡುಗೆಯ ಭಾಗದಲ್ಲಿಯೂ ಹಾಗೆಯೇ: ಅಲ್ಲಿ ಬರುವ ಎಷ್ಟೋ ತಿನಿಸುಗಳ ಹೆಸರುಗಳು ಜನರ ಬಾಯಿಯಲ್ಲಿದ್ದ ಮಾತುಗಳು ಸಂಸ್ಕೃತದ ರೂಪ ತಳೆದು ಶ್ಲೋಕದೊಳಗೆ ಕುಳಿತಂತಿವೆ. ಇಡರಿಕಾ ಎಂಬುದು ಇಡ್ಲಿ, ಧೋಸಕ ಎಂಬುದು ದೋಸೆ, ಪರ್ಪಟ ಎಂಬುದು ಹಪ್ಪಳ ಎಂಬುದನ್ನು ಕನ್ನಡ ಬಲ್ಲವರು ಸುಲಭವಾಗಿ ಗುರುತಿಸಬಹುದು.

ಇಷ್ಟು ವಿಸ್ತಾರವಾದ ಗ್ರಂಥದ ರಚನೆಯಲ್ಲಿ ಆಸ್ಥಾನದ ವಿದ್ವಾಂಸರ ನೆರವೂ ಇದ್ದಿರಬಹುದೆಂಬುದು ಹಲವರ ಅಭಿಪ್ರಾಯ. ಅಡುಗೆಯ ಅಧ್ಯಾಯದ ಮಟ್ಟಿಗಂತೂ ಅರಮನೆಯ ಬಾಣಸಿಗರ ಅನುಭವವಿಲ್ಲದೆ ಅಂತಹ ವಿವರಗಳು ಬರುವಂತಿರಲಿಲ್ಲ.

ಅನ್ನಭೋಗ

ಮೂರನೆಯ ವಿಂಶತಿಯಲ್ಲಿ ಬರುವ ಅನ್ನಭೋಗ ಎಂಬ ಅಧ್ಯಾಯವು ಅರಸನ ಊಟವನ್ನು ವರ್ಣಿಸುತ್ತದೆ. ಇದು ಸಸ್ಯಾಹಾರಕ್ಕೆ ಮಾತ್ರ ಸೀಮಿತವಲ್ಲ. ಮಾಂಸ ಮತ್ತು ಮೀನಿನ ಅಡುಗೆಗಳೂ ಬಹಳವಾಗಿವೆ. ಅಕ್ಕಿಯಲ್ಲಿ ಎಂಟು ಬಗೆಗಳನ್ನು ಹೆಸರಿಸಲಾಗಿದೆ: ರಕ್ತಶಾಲಿ, ಮಹಾಶಾಲಿ, ಗಂಧಶಾಲಿ, ಕಲಿಂಗಕ, ಮುಂಡಶಾಲಿ, ಸ್ಥೂಲಶಾಲಿ, ಸೂಕ್ಷ್ಮಶಾಲಿ ಮತ್ತು ಷಷ್ಟಿಕ. ಕೆಂಪಕ್ಕಿ, ಪರಿಮಳದ ಅಕ್ಕಿ, ದಪ್ಪಕ್ಕಿ, ಸಣ್ಣಕ್ಕಿ, ಅರವತ್ತು ದಿನಗಳಲ್ಲಿ ಕೊಯ್ಲಿಗೆ ಬರುವ ಅಕ್ಕಿ ಎಂಬ ಭೇದಗಳನ್ನು ಈ ಹೆಸರುಗಳೇ ಸೂಚಿಸುತ್ತವೆ.

ಋತುವಿಗೆ ತಕ್ಕಂತೆ ಊಟದ ರುಚಿ ಬದಲಾಗಬೇಕೆಂಬುದು ಗ್ರಂಥದ ನಿಲುವು. ವಸಂತದಲ್ಲಿ ಖಾರ, ಗ್ರೀಷ್ಮದಲ್ಲಿ ಸಿಹಿ ಮತ್ತು ತಂಪು, ಮಳೆಗಾಲದಲ್ಲಿ ಉಪ್ಪು, ಶರದೃತುವಿನಲ್ಲಿ ಸಿಹಿ, ಹೇಮಂತದಲ್ಲಿ ಜಿಡ್ಡಿನ ಪದಾರ್ಥ, ಶಿಶಿರದಲ್ಲಿ ಬಿಸಿ ಮತ್ತು ಹುಳಿ ಹಿತವೆಂದು ಹೇಳಲಾಗಿದೆ.

ಈ ಅಡುಗೆಮನೆಯಲ್ಲಿ ಮೆಣಸಿನಕಾಯಿ, ಆಲೂಗಡ್ಡೆ, ಟೊಮ್ಯಾಟೊ, ಗೋಡಂಬಿ ಯಾವುವೂ ಇರಲಿಲ್ಲ. ಇವೆಲ್ಲವೂ ಅಮೆರಿಕ ಖಂಡದ ಬೆಳೆಗಳು. ಹದಿನೈದನೆಯ ಶತಮಾನದ ಕೊನೆಯಿಂದ ಆರಂಭವಾದ ಯೂರೋಪಿನವರ ಸಮುದ್ರಯಾನಗಳ ನಂತರ ಭಾರತಕ್ಕೆ ಬಂದವು. ಸೋಮೇಶ್ವರನ ಅಡುಗೆಗೆ ಖಾರವನ್ನು ಕೊಡುತ್ತಿದ್ದುದು ಕಾಳುಮೆಣಸು ಮತ್ತು ಶುಂಠಿ. ಪರಿಮಳವನ್ನು ಕೊಡುತ್ತಿದ್ದುದು ಏಲಕ್ಕಿ, ಇಂಗು, ಜೀರಿಗೆ, ಕರ್ಪೂರ. ಇವುಗಳಲ್ಲಿ ಕಾಳುಮೆಣಸು ಮತ್ತು ಏಲಕ್ಕಿ ಪಶ್ಚಿಮ ಘಟ್ಟದ ಬೆಳೆಗಳು.

ಸಿಹಿ ಭಕ್ಷ್ಯಗಳು

ಗೋಧಿಯ ಭಕ್ಷ್ಯಗಳು

ಗೋಧಿಯನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಬೀಸಿ, ಜರಡಿ ಹಿಡಿದು ಹಿಟ್ಟು ಮಾಡುವುದರಿಂದ ವಿವರಣೆ ಆರಂಭವಾಗುತ್ತದೆ. ಈ ಹಿಟ್ಟಿಗೆ ತುಪ್ಪ ಮತ್ತು ತುಸು ಉಪ್ಪು ಸೇರಿಸಿ ನಾದಿ, ಉಂಡೆ ಮಾಡಿ, ಕೈಯಿಂದಲೇ ತೆಳ್ಳಗೆ ಹರಡಿ, ಉರಿಯ ಮೇಲೆ ಕಾಯಿಸಿದ ಮಣ್ಣಿನ ಪಾತ್ರೆಯ ಮೇಲೆ ಬೇಯಿಸಿದ ಭಕ್ಷ್ಯಕ್ಕೆ ಮಂಡಕ ಎಂದು ಹೆಸರು. ಬೆಂದ ಮಂಡಕವನ್ನು ಮಡಿಚಿ ಇಡಲಾಗುತ್ತಿತ್ತು. ಇಂದು ಬೆಳಗಾವಿ ಭಾಗದಲ್ಲಿ ಮದುವೆಗಳ ವಿಶೇಷವಾಗಿರುವ ಮಂಡಿಗೆಯನ್ನೂ ಬೋರಲು ಹಾಕಿದ ಕಾದ ಪಾತ್ರೆಯ ಮೇಲೆಯೇ ಬೇಯಿಸಿ, ಬಿಸಿಯಿರುವಾಗಲೇ ಮಡಿಚುತ್ತಾರೆ. ಒಳಗೆ ಸಕ್ಕರೆ, ತುಪ್ಪ, ಖೋವಾ ಹರಡುವುದು ಇಂದಿನ ರೂಢಿ. ಹೆಸರು ಮತ್ತು ಬೇಯಿಸುವ ವಿಧಾನ ಎರಡೂ ಒಂಬತ್ತು ಶತಮಾನಗಳ ಕಾಲ ಉಳಿದು ಬಂದಿರುವುದಕ್ಕೆ ಇದು ಒಳ್ಳೆಯ ನಿದರ್ಶನ. ಕೈಗೆಟುಕದ ಸುಖವನ್ನು ಕಲ್ಪಿಸಿಕೊಳ್ಳುವವರನ್ನು ಕುರಿತು ಮನಸ್ಸಿನಲ್ಲೇ ಮಂಡಿಗೆ ತಿನ್ನುವವರು ಎನ್ನುವ ಕನ್ನಡದ ನುಡಿಗಟ್ಟು ಈ ಭಕ್ಷ್ಯಕ್ಕಿದ್ದ ಗೌರವವನ್ನು ತಿಳಿಸುತ್ತದೆ.

ಹೆಂಚಿನ ಮೇಲೆ ಬೇಯಿಸಿದ ಭಕ್ಷ್ಯವನ್ನು ಪೋಲಿಕಾ ಎಂದೂ ಕೆಂಡದ ಮೇಲೆ ಬೇಯಿಸಿದುದನ್ನು ಅಂಗಾರಪೋಲಿಕಾ ಎಂದೂ ಕರೆಯಲಾಗಿದೆ. ಹಳಗನ್ನಡದ ಪಕಾರವು ಕಾಲಕ್ರಮದಲ್ಲಿ ಹಕಾರವಾದಾಗ ಪಾಲು ಹಾಲಾದಂತೆ, ಪೂವು ಹೂವಾದಂತೆ, ಪೋಳಿಗೆಯು ಹೋಳಿಗೆಯಾಯಿತು. ಮರಾಠಿಯಲ್ಲಿ ಪಕಾರ ಉಳಿದುಕೊಂಡು ಪೋಳಿ ಎಂಬ ರೂಪವಿದೆ. ಆದರೆ ಗ್ರಂಥದ ಪೋಲಿಕೆಯನ್ನು ಇಂದಿನ ಹೂರಣದ ಹೋಳಿಗೆಯೊಡನೆ ಪೂರ್ತಿಯಾಗಿ ಸಮೀಕರಿಸುವುದು ಸರಿಯಲ್ಲ. ಗ್ರಂಥದಲ್ಲಿ ಆ ಹೆಸರು ಮುಖ್ಯವಾಗಿ ಹೆಂಚಿನ ಮೇಲೆ ಬೇಯಿಸಿದ ಗೋಧಿಯ ರೊಟ್ಟಿಗೆ ಸಲ್ಲುತ್ತದೆ. ಬೇಳೆ ಬೆಲ್ಲದ ಹೂರಣ ತುಂಬಿದ ಸಿಹಿಗೆ ಕನ್ನಡದಲ್ಲಿ ಆ ಹೆಸರೇ ನಿಂತಿತು.

ಗೋಧಿಯ ಹಿಟ್ಟು, ತುಪ್ಪ, ಹಾಲು ಮತ್ತು ಸಕ್ಕರೆ ಕೂಡಿದ ಪಾಕಕ್ಕೆ ಕಾಸಾರ ಎಂದು ಹೆಸರು. ಕಾಸಾರವನ್ನು ಕಣಕದ ಹೊದಿಕೆಯೊಳಗಿಟ್ಟು ಕರಿದಾಗ ಉದುಂಬರ ಎಂಬ ಭಕ್ಷ್ಯವಾಗುತ್ತದೆ. ಉದುಂಬರವೆಂದರೆ ಅತ್ತಿಯ ಹಣ್ಣು. ಏಲಕ್ಕಿಯ ಪರಿಮಳವಿರುವ, ಗೋಧಿಹಿಟ್ಟಿನಿಂದ ಮಾಡಿ ಕರಿದ ಇನ್ನೊಂದು ಸಿಹಿಯ ಹೆಸರು ಗೋಲಮು.

ಉದ್ದಿನ ಸಿಹಿ

ಉದ್ದಿನ ಹಿಟ್ಟಿನಿಂದ ಮಾಡಿ, ಕರಿದು, ಸಕ್ಕರೆಯ ಪಾಕದೊಡನೆ ಕೂಡಿಸಿದ ಸಿಹಿಗೆ ಘಾರಿಕಾ ಎಂದು ಹೆಸರು. ಉತ್ತರ ಕರ್ನಾಟಕದ ಮನೆಗಳಲ್ಲಿ ಕುಂಬಳಕಾಯಿ ಮತ್ತು ಬೆಲ್ಲದಿಂದ ಮಾಡುವ ಗಾರಿಗೆಯ ಹೆಸರು ಇದಕ್ಕೆ ಹತ್ತಿರವಾಗಿದೆ. ತೆಲುಗಿನಲ್ಲಿ ಗಾರೆ ಎಂದರೆ ಉದ್ದಿನ ವಡೆ. ಒಂದೇ ಹೆಸರು ಒಂದು ನಾಡಿನಲ್ಲಿ ಉದ್ದನ್ನು ಉಳಿಸಿಕೊಂಡು ಸಿಹಿಯನ್ನು ಬಿಟ್ಟಿತು. ಇನ್ನೊಂದು ನಾಡಿನಲ್ಲಿ ಸಿಹಿಯನ್ನು ಉಳಿಸಿಕೊಂಡು ಉದ್ದನ್ನು ಬಿಟ್ಟಿತು.

ಹಾಲಿನ ಸಿಹಿಗಳು

ಹಾಲನ್ನು ಕುದಿಸಿ ಬತ್ತಿಸುವ ಹಂತಗಳನ್ನು ಗ್ರಂಥವು ಲೆಕ್ಕವಿಟ್ಟು ಹೇಳುತ್ತದೆ. ಅರ್ಧಕ್ಕೆ ಬತ್ತಿಸಿದ ಹಾಲು ಕುಡಿಯಲು ತಕ್ಕದ್ದು. ಮೂರರಲ್ಲಿ ಒಂದು ಭಾಗಕ್ಕೆ ಇಳಿಸಿದರೆ ನೆಕ್ಕುವ ಹದಕ್ಕೆ ಬರುತ್ತದೆ. ಆರರಲ್ಲಿ ಒಂದು ಭಾಗಕ್ಕೆ ಇಳಿಸಿದರೆ ಮುದ್ದೆಯಾಗುತ್ತದೆ. ಎಂಟರಲ್ಲಿ ಒಂದು ಭಾಗಕ್ಕೆ ಇಳಿಸಿದರೆ ಸಕ್ಕರೆಯಂತೆ ಹರಳಾಗುತ್ತದೆ. ಇಂದಿನ ಬಾಸುಂದಿ ಮತ್ತು ಖೋವಾ ಮಾಡುವವರು ಅನುಸರಿಸುವ ಹದಗಳೂ ಇಂತಹವೇ.

ಕಾದ ಹಾಲಿಗೆ ಹುಳಿ ಹಾಕಿ ಒಡೆಸಿ, ಬಟ್ಟೆಯಲ್ಲಿ ಸೋಸಿ ನೀರನ್ನು ತೆಗೆದು, ಉಳಿದ ಗಟ್ಟಿಗೆ ಅಕ್ಕಿಹಿಟ್ಟು ಸೇರಿಸಿ ಆಕಾರ ಕೊಟ್ಟು, ತುಪ್ಪದಲ್ಲಿ ಕರಿದು ಸಕ್ಕರೆ ಪಾಕದಲ್ಲಿ ಹಾಕುವ ಕ್ಷೀರಪ್ರಕಾರ ಎಂಬ ಸಿಹಿಯೂ ಉಂಟು. ಒಡೆದ ಹಾಲಿನ ಸಿಹಿಗಳೆಂದರೆ ಬಂಗಾಳವನ್ನು ನೆನೆಯುವುದು ವಾಡಿಕೆ. ಹನ್ನೆರಡನೆಯ ಶತಮಾನದ ಕನ್ನಡ ನಾಡಿನ ಅರಮನೆಯಲ್ಲಿಯೂ ಆ ವಿದ್ಯೆ ತಿಳಿದಿತ್ತೆಂಬುದಕ್ಕೆ ಈ ವರ್ಣನೆ ಸಾಕ್ಷಿ.

ಮೊಸರಿನ ನೀರನ್ನು ಬಟ್ಟೆಯಲ್ಲಿ ಬಸಿದು, ಸಕ್ಕರೆ, ಏಲಕ್ಕಿ, ಕರ್ಪೂರ ಬೆರೆಸಿದ ಶಿಖರಿಣಿಯು ಇಂದಿನ ಶ್ರೀಖಂಡದ ಪೂರ್ವರೂಪ. ಹಾಲು ಮತ್ತು ಸಕ್ಕರೆಯಲ್ಲಿ ಅಕ್ಕಿಯನ್ನು ಬೇಯಿಸಿದ ಪಾಯಸದ ಹೆಸರು ಮಾತ್ರ ಬದಲಾಗದೆ ಉಳಿದಿದೆ.

ಊಟದ ಕ್ರಮದಲ್ಲಿ ಸಿಹಿಯ ಸ್ಥಾನ

ಪಾಶ್ಚಾತ್ಯರ ಪದ್ಧತಿಯಲ್ಲಿ ಸಿಹಿಯು ಊಟವಾದ ಮೇಲೆ ಬಡಿಸುವ ಪ್ರತ್ಯೇಕ ಘಟ್ಟ. ಸೋಮೇಶ್ವರನ ಗ್ರಂಥದಲ್ಲಿ ಹಾಗಿಲ್ಲ. ಅರಸನು ಪೂರ್ವಾಭಿಮುಖವಾಗಿ ಕುಳಿತು, ಮೊದಲು ಹೆಸರುಬೇಳೆ ಮತ್ತು ತುಪ್ಪದೊಡನೆ ಅನ್ನವನ್ನು ಉಣ್ಣುತ್ತಾನೆ. ಪಾಯಸವು ಊಟದ ನಡುವೆ ಬರುತ್ತದೆ. ಊಟವು ಮುಗಿಯುವುದು ಮೊಸರನ್ನ, ಮಜ್ಜಿಗೆಗಳಿಂದ. ಇಂದಿಗೂ ಕರ್ನಾಟಕದ ಬಾಳೆಎಲೆಯ ಊಟದಲ್ಲಿ ಸಿಹಿಯನ್ನು ನಡುವೆ ಬಡಿಸಿ, ಮಜ್ಜಿಗೆ ಅನ್ನದಿಂದ ಊಟ ಮುಗಿಸುವ ರೂಢಿ ಉಳಿದಿದೆ.

ಹೊರಜಗತ್ತಿನೊಡನೆ ಹೋಲಿಕೆ

ರಾಜಾಸ್ಥಾನದ ಅಡುಗೆಯನ್ನು ಬರೆದಿಡುವ ಪರಿಪಾಠ ಬೇರೆ ನಾಡುಗಳಲ್ಲಿಯೂ ಇತ್ತು. ಬಾಗ್ದಾದಿನಲ್ಲಿ ಹತ್ತನೆಯ ಶತಮಾನದಲ್ಲಿಯೇ ಅರಬ್ಬಿಯ ದೊಡ್ಡ ಪಾಕಗ್ರಂಥವೊಂದು ರಚಿತವಾಗಿತ್ತು. ಇಂಗ್ಲೆಂಡಿನ ಎರಡನೆಯ ರಿಚರ್ಡನ ಬಾಣಸಿಗರು ಸಂಕಲಿಸಿದ ಫಾರ್ಮ್ ಆಫ್ ಕ್ಯೂರಿ ಎಂಬ ಗ್ರಂಥವು ಸುಮಾರು 1390ರದು. ಮಾನಸೋಲ್ಲಾಸಕ್ಕಿಂತ ಎರಡೂವರೆ ಶತಮಾನ ಈಚಿನದು. ಅಮೆರಿಕದಲ್ಲಿ ಅಮೆರಿಕದವರೇ ಬರೆದು ಅಚ್ಚು ಹಾಕಿಸಿದ ಮೊದಲ ಅಡುಗೆ ಪುಸ್ತಕವೆಂದು ಪರಿಗಣಿತವಾದ ಅಮೆಲಿಯಾ ಸಿಮನ್ಸ್ ಅವರ ಅಮೆರಿಕನ್ ಕುಕರಿ 1796ರಲ್ಲಿ ಪ್ರಕಟವಾಯಿತು.

ಡಚ್ಚರು ನ್ಯೂಯಾರ್ಕ್ ಪ್ರದೇಶಕ್ಕೆ ಕೊಂಡೊಯ್ದ, ಎಣ್ಣೆಯಲ್ಲಿ ಕರಿದ ಸಿಹಿಯಿಂದ ಇಂದಿನ ಡೋನಟ್ ಬೆಳೆಯಿತೆಂದು ಹೇಳಲಾಗುತ್ತದೆ. ಗೋಲಮುವನ್ನು ವರ್ಣಿಸುವಾಗ ಆಧುನಿಕ ಲೇಖಕರು ಡೋನಟ್ಟಿನ ಹೋಲಿಕೆಯನ್ನು ಕೊಡುವುದುಂಟು. ಇದು ಹೋಲಿಕೆ ಮಾತ್ರ. ಒಂದರಿಂದ ಇನ್ನೊಂದು ಹುಟ್ಟಿತೆಂದು ಅರ್ಥವಲ್ಲ. ನಿಜವಾದ ನಂಟು ಇರುವುದು ಸಕ್ಕರೆಯಲ್ಲಿ. ಕಬ್ಬಿನ ರಸದಿಂದ ಹರಳುಸಕ್ಕರೆ ಮಾಡುವ ವಿದ್ಯೆ ಭಾರತದಲ್ಲಿ ಬೆಳೆದು ಪರ್ಷಿಯಾ, ಅರಬ್ ನಾಡುಗಳ ಮೂಲಕ ಯೂರೋಪಿಗೂ ಅಲ್ಲಿಂದ ಅಮೆರಿಕಕ್ಕೂ ಹೋಯಿತು. ಸಂಸ್ಕೃತದ ಶರ್ಕರಾ ಎಂಬ ಮಾತಿನಿಂದ ಕನ್ನಡದ ಸಕ್ಕರೆಯೂ ಇಂಗ್ಲಿಷಿನ ಶುಗರ್ ಎಂಬ ಮಾತೂ ಬಂದಿವೆ. ಖಂಡ ಎಂಬ ಮಾತು ಪರ್ಷಿಯನ್ ಮತ್ತು ಅರಬ್ಬಿಯ ದಾರಿಯಲ್ಲಿ ಸಾಗಿ, ಅಮೆರಿಕದ ಮಕ್ಕಳ ಬಾಯಿಯಲ್ಲಿ ಕ್ಯಾಂಡಿ ಎಂದಾಗಿದೆ.

ಆನವಟ್ಟಿ ಸೀಮೆ ಮತ್ತು ಬನವಾಸಿ ನಾಡು

ಸೋಮೇಶ್ವರನ ಕಾಲದ ಬನವಾಸಿ ನಾಡಿನಲ್ಲಿ ಬಂದಳಿಕೆಯನ್ನು ಕೇಂದ್ರವಾಗಿ ಹೊಂದಿದ್ದ ನಾಗರಖಂಡ ಎಪ್ಪತ್ತು ಎಂಬ ಉಪವಿಭಾಗವಿತ್ತು. ಆನವಟ್ಟಿಯು ಹಾನಗಲ್ಲು ಮತ್ತು ಶಿರಾಳಕೊಪ್ಪಗಳ ನಡುವಿನ ದಾರಿಯಲ್ಲಿದೆ. ಅದರ ಸಮೀಪದ ಕುಬಟೂರು ಶಾಸನಗಳಲ್ಲಿ ಕುಪ್ಪಟೂರು ಎಂದು ಉಲ್ಲೇಖಗೊಂಡಿರುವ ಪ್ರಾಚೀನ ಅಗ್ರಹಾರ. ಇಲ್ಲಿನ ಕೈಟಭೇಶ್ವರ ದೇವಾಲಯವು ಸುಮಾರು 1100ರ ಹೊತ್ತಿನದು. ಸೋಮೇಶ್ವರನು ಪಟ್ಟಕ್ಕೆ ಬಂದಾಗ ಆ ದೇವಾಲಯಕ್ಕೆ ಇನ್ನೂ ಒಂದು ತಲೆಮಾರಿನಷ್ಟೇ ವಯಸ್ಸು. ಕುಬಟೂರಿನಲ್ಲಿ ಜೈನ ಬಸದಿಯೂ ಇತ್ತು.

ಈ ಸೀಮೆಯು ಮಲೆನಾಡು ಮತ್ತು ಬಯಲುಸೀಮೆಗಳು ಕೂಡುವ ಅರೆಮಲೆನಾಡು. ಭತ್ತವೇ ಇಲ್ಲಿನ ಮುಖ್ಯ ಬೆಳೆ. ಮಂಡಕ, ಪೋಲಿಕೆಗಳಿಗೆ ಬೇಕಾದ ಗೋಧಿಯು ಬೆಳೆಯುವುದು ಉತ್ತರದ ಕಪ್ಪುಮಣ್ಣಿನ ನಾಡಿನಲ್ಲಿ. ಆದುದರಿಂದ ಮಾನಸೋಲ್ಲಾಸದ ಗೋಧಿಯ ಭಕ್ಷ್ಯಗಳು ಕಲ್ಯಾಣದ ಕಡೆಯ ಅಡುಗೆಯನ್ನು ಹೆಚ್ಚಾಗಿ ತೋರಿಸುತ್ತವೆ. ಗ್ರಂಥದ ಅಕ್ಕಿಯ ಬಗೆಗಳೂ ಕಾಳುಮೆಣಸು, ಏಲಕ್ಕಿಗಳೂ ಬನವಾಸಿಯಂತಹ ತೆಂಕಣ ನಾಡುಗಳಿಗೆ ಹತ್ತಿರವಾದವು. ಇಂದು ಆನವಟ್ಟಿಯ ಮನೆಗಳಲ್ಲಿ ಯುಗಾದಿಗೆ ಹೋಳಿಗೆ ಮಾಡುವಾಗ ಈ ಎರಡು ನಾಡುಗಳ ಅಡುಗೆಯೂ ಒಂದೇ ಎಲೆಯಲ್ಲಿ ಸೇರುತ್ತದೆ.

ಅರಮನೆಯ ಪಾಕ, ಮಠದ ಅನ್ನ

ಮಾನಸೋಲ್ಲಾಸದ ಊಟವು ಅರಸನ ಊಟ. ತುಪ್ಪ, ಸಕ್ಕರೆ, ಕರ್ಪೂರ, ಸಣ್ಣಕ್ಕಿಗಳನ್ನು ದಿನವೂ ಉಣ್ಣುವ ಶಕ್ತಿ ಆ ಕಾಲದ ಸಾಮಾನ್ಯ ಒಕ್ಕಲಿಗನಿಗೆ ಇರಲಿಲ್ಲ. ಗ್ರಂಥದ ವರ್ಣನೆಯನ್ನು ಇಡೀ ನಾಡಿನ ಊಟವೆಂದು ತಿಳಿಯುವುದು ತಪ್ಪಾಗುತ್ತದೆ.

ಇದಕ್ಕೆ ಪೂರಕವಾದ ಇನ್ನೊಂದು ಚಿತ್ರವನ್ನು ಆನವಟ್ಟಿಗೆ ದೂರವಲ್ಲದ ಬಳ್ಳಿಗಾವೆಯ ಶಾಸನವೊಂದು ಕೊಡುತ್ತದೆ. ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠವು ಕಾಳಾಮುಖ ಯತಿಗಳ ವಿದ್ಯಾಕೇಂದ್ರವಾಗಿತ್ತು. 1162ರ ಶಾಸನವು ಈ ಮಠವನ್ನು ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುವ ಸ್ಥಳವೆಂದೂ, ದೀನರಿಗೆ, ಅನಾಥರಿಗೆ, ಕುರುಡರಿಗೆ, ಕುಂಟರಿಗೆ, ಹಾಡುಗಾರರಿಗೆ, ಊರಿಂದೂರಿಗೆ ಅಲೆಯುವ ಭಿಕ್ಷುಕರಿಗೆ ಅನ್ನ ದೊರೆಯುವ ಸ್ಥಳವೆಂದೂ, ರೋಗಿಗಳಿಗೆ ಔಷಧ ಸಿಗುವ ಸ್ಥಳವೆಂದೂ ವರ್ಣಿಸುತ್ತದೆ. ಸೋಮೇಶ್ವರನು ತೀರಿಕೊಂಡು ಆಗ ಇಪ್ಪತ್ತನಾಲ್ಕು ವರ್ಷಗಳಾಗಿದ್ದವು. ಮಾನಸೋಲ್ಲಾಸವು ಒಂದು ಎಲೆಯ ಮೇಲೆ ಎಷ್ಟು ಬಗೆಗಳನ್ನು ಬಡಿಸಬಹುದೆಂಬುದನ್ನು ಹೇಳಿದರೆ, ಈ ಶಾಸನವು ಎಷ್ಟು ಬಗೆಯ ಜನರಿಗೆ ಎಲೆ ಹಾಕಬೇಕೆಂಬುದನ್ನು ಹೇಳುತ್ತದೆ. ಹನ್ನೆರಡನೆಯ ಶತಮಾನದ ಆಹಾರದ ಇತಿಹಾಸಕ್ಕೆ ಎರಡೂ ಬೇಕು.

ಇದೇ ಸೀಮೆಯ ಬಳ್ಳಿಗಾವೆಯ ಅಲ್ಲಮಪ್ರಭುವೂ ಉಡುತಡಿಯ ಅಕ್ಕಮಹಾದೇವಿಯೂ ಮುಂದೆ ಸೋಮೇಶ್ವರನ ರಾಜಧಾನಿಯಾಗಿದ್ದ ಕಲ್ಯಾಣಕ್ಕೆ ಹೋಗಿ ಬಸವಣ್ಣನವರ ಶರಣ ಸಮೂಹವನ್ನು ಸೇರಿದರು. ಹಂಚಿ ಉಣ್ಣುವ ದಾಸೋಹವು ಆ ಸಮೂಹದ ಮುಖ್ಯ ತತ್ತ್ವಗಳಲ್ಲಿ ಒಂದಾಗಿತ್ತು.

ಕನ್ನಡ ನಾಡಿನ ಪಾಕಗ್ರಂಥ ಪರಂಪರೆ

ಮಾನಸೋಲ್ಲಾಸವು ಒಂಟಿಯಾಗಿ ಹುಟ್ಟಿದ ಗ್ರಂಥವಲ್ಲ. ಅದರ ಹಿಂದೆ ಮುಂದೆ ಕನ್ನಡ ನಾಡಿನಲ್ಲಿ ಅಡುಗೆಯನ್ನು ಕುರಿತ ಬರವಣಿಗೆಯ ಪರಂಪರೆಯಿದೆ.

* ವಡ್ಡಾರಾಧನೆ: ಹತ್ತನೆಯ ಶತಮಾನದ ಈ ಗದ್ಯಕೃತಿಯಲ್ಲಿ ಅತಿಥಿಗೆ ಬಡಿಸುವ ತಿನಿಸುಗಳ ನಡುವೆ ಇಡ್ಡಲಿಗೆಯ ಹೆಸರು ಬರುತ್ತದೆ.
* ಲೋಕೋಪಕಾರ: ಚಾಲುಕ್ಯ ಜಯಸಿಂಹನ ಆಸ್ಥಾನದಲ್ಲಿದ್ದ ಎರಡನೆಯ ಚಾವುಂಡರಾಯನು ಸುಮಾರು 1025ರಲ್ಲಿ ಕನ್ನಡದಲ್ಲಿ ರಚಿಸಿದ ಈ ಗ್ರಂಥದಲ್ಲಿ ಅಡುಗೆಯ ಭಾಗವಿದೆ.
* ಸೂಪಶಾಸ್ತ್ರ: ಕಲ್ಲಹಳ್ಳಿಯ ಒಡೆಯನಾಗಿದ್ದ ಮೂರನೆಯ ಮಂಗರಸನು ಹದಿನಾರನೆಯ ಶತಮಾನದ ಆರಂಭದಲ್ಲಿ ವಾರ್ಧಕ ಷಟ್ಪದಿಯಲ್ಲಿ ಬರೆದ ಪಾಕಶಾಸ್ತ್ರ. ಹಿಟ್ಟಿನ ಭಕ್ಷ್ಯಗಳು, ಪಾನಕಗಳು, ತರಕಾರಿಗಳ ಪಾಕಗಳನ್ನು ಇದು ಹೇಳುತ್ತದೆ.
* ಶಿವತತ್ತ್ವ ರತ್ನಾಕರ: ಕೆಳದಿಯ ಬಸವಪ್ಪ ನಾಯಕನು ಹದಿನೆಂಟನೆಯ ಶತಮಾನದ ಆರಂಭದಲ್ಲಿ ಸಂಸ್ಕೃತದಲ್ಲಿ ರಚಿಸಿದ ವಿಶ್ವಕೋಶ. ಇದರಲ್ಲಿಯೂ ಅಡುಗೆಯ ವಿಷಯವಿದೆ.

ಇವುಗಳಲ್ಲಿ ಕೊನೆಯದು ಸೊರಬದ ನೆರೆಯ ಸಾಗರ ತಾಲ್ಲೂಕಿನ ಕೆಳದಿಯ ಅರಸನ ಕೃತಿ. ಸೋಮೇಶ್ವರನು ತೋರಿದ ವಿಶ್ವಕೋಶದ ದಾರಿಯನ್ನು ಸುಮಾರು ಆರು ಶತಮಾನಗಳ ನಂತರ ಇದೇ ಮಲೆನಾಡ ಅಂಚಿನ ಅರಸನೊಬ್ಬನು ಮುಂದುವರಿಸಿದನು.

ಕೊನೆಯ ವರ್ಷಗಳು ಮತ್ತು ಉತ್ತರಾಧಿಕಾರ

ಸೋಮೇಶ್ವರನ ಆಳ್ವಿಕೆ 1138ರಲ್ಲಿ ಕೊನೆಗೊಂಡಿತು. ಅವನ ನಂತರ ಮಗನಾದ ಎರಡನೆಯ ಜಗದೇಕಮಲ್ಲನೂ ಬಳಿಕ ಇನ್ನೊಬ್ಬ ಮಗನಾದ ಮೂರನೆಯ ತೈಲಪನೂ ಆಳಿದರು. ತೈಲಪನ ಕಾಲದಲ್ಲಿ ಕಳಚುರಿ ಬಿಜ್ಜಳನು ಅಧಿಕಾರವನ್ನು ಕಸಿದುಕೊಂಡನು. ಹನ್ನೆರಡನೆಯ ಶತಮಾನದ ಅಂತ್ಯದ ಹೊತ್ತಿಗೆ ಚಾಲುಕ್ಯ ಸಾಮ್ರಾಜ್ಯವು ಅಳಿದು, ಅದರ ನೆಲವನ್ನು ಹೊಯ್ಸಳರೂ ದೇವಗಿರಿಯ ಸೇವುಣರೂ ವಾರಂಗಲ್ಲಿನ ಕಾಕತೀಯರೂ ಹಂಚಿಕೊಂಡರು.

ಗ್ರಂಥದ ಪ್ರಕಟಣೆ ಮತ್ತು ಅಧ್ಯಯನ

ಮಾನಸೋಲ್ಲಾಸವನ್ನು ಜಿ. ಕೆ. ಶ್ರೀಗೊಂಡೇಕರ್ ಅವರು ಸಂಪಾದಿಸಿ ಬರೋಡದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಮೂರು ಸಂಪುಟಗಳಾಗಿ 1925, 1939 ಮತ್ತು 1961ರಲ್ಲಿ ಹೊರತಂದರು. ಅಭಿಲಷಿತಾರ್ಥ ಚಿಂತಾಮಣಿ ಎಂಬ ಹೆಸರಿನಲ್ಲಿ ಇದರ ಮೊದಲ ಭಾಗವನ್ನು ಆರ್. ಶಾಮಶಾಸ್ತ್ರಿಗಳು 1926ರಲ್ಲಿ ಮೈಸೂರಿನಲ್ಲಿ ಪ್ರಕಟಿಸಿದರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದವರೂ ಇವರೇ. ಕೊಳ್ಳೇಗಾಲದಲ್ಲಿ ಜನಿಸಿದ ಆಹಾರ ವಿಜ್ಞಾನಿ ಕೆ. ಟಿ. ಅಚಯ ಅವರು ಭಾರತೀಯ ಆಹಾರದ ಚರಿತ್ರೆಯನ್ನು ಬರೆಯುವಾಗ ಈ ಗ್ರಂಥವನ್ನು ವಿಶೇಷವಾಗಿ ಬಳಸಿಕೊಂಡರು.

ಮೌಲ್ಯಮಾಪನ

ಯುದ್ಧಗಳ ಅಳತೆಗೋಲಿನಿಂದ ನೋಡಿದರೆ ಮೂರನೆಯ ಸೋಮೇಶ್ವರನು ದೊಡ್ಡ ತಂದೆಯ ಸಾಧಾರಣ ಮಗ. ಅವನು ಉಳಿಸಿಕೊಳ್ಳಲು ಹೆಣಗಿದ ಗಡಿಗಳು ಅವನ ಮಕ್ಕಳ ಕಾಲದಲ್ಲಿಯೇ ಕುಸಿದವು. ಆದರೆ ರಾಜ್ಯವನ್ನು ಪಡೆಯುವ ವಿದ್ಯೆಯೊಂದಿಗೆ ಕಣಕ ನಾದುವ, ಹಾಲು ಬತ್ತಿಸುವ, ಮೊಸರು ಬಸಿಯುವ ವಿದ್ಯೆಗಳನ್ನೂ ಅವನು ಒಂದೇ ಗ್ರಂಥದಲ್ಲಿ ಸಮಾನ ಗಂಭೀರತೆಯಿಂದ ದಾಖಲಿಸಿದನು. ಬಾಣಸಿಗರ ಹೆಸರುಗಳು ಅದರಲ್ಲಿ ಉಳಿಯಲಿಲ್ಲ. ಅವರ ಕೈಯ ಕೆಲಸ ಉಳಿಯಿತು. ಅರಮನೆಯ ಗ್ರಂಥಕ್ಕೆ ಸೇರಿದ ಮಂಡಿಗೆ, ಹೋಳಿಗೆ, ಗಾರಿಗೆಗಳ ಹೆಸರುಗಳನ್ನು ಮುಂದಿನ ಒಂಬತ್ತು ಶತಮಾನ ಕಾಪಾಡಿದವರು ಗ್ರಂಥವನ್ನು ಓದದೆಯೇ ಅವುಗಳನ್ನು ಮಾಡುತ್ತ ಬಂದ ಮನೆಮನೆಯ ಹೆಂಗಸರು.